ಒಂದು ದಿನದ ನೀಲಾಂಬಿಕಮ್ಮ

ನನಗೆ ಐವತ್ತೆರಡು ವರ್ಷ. ನೀಲಾಂಬಿಕಮ್ಮನವರಿಗೆ ಎಪ್ಪತ್ತಾರು. ಆದರೂ ಅವರ ಹಾಸಿಗೆಯಲ್ಲಿ ನನ್ನನ್ನು ಮಲಗಿಸಿದರೆ ಯಾರಿಗೂ ಅನುಮಾನ ಬರುವುದಿಲ್ಲ ಎಂದು ನಮ್ಮ ಮೇಡಂಗೆ ಅನ್ನಿಸಿತು. ಇದು ಹೊಗಳಿಕೆಯಲ್ಲ ಎಂದು ನನಗೂ ತಿಳಿಯಿತು.

"ಮುತ್ತವ್ವ, ಸ್ವಲ್ಪ ಬೆಳಕಿಗೆ ಬಾ," ಎಂದರು ಮೇಡಂ ವೆಂಕಟಲಕ್ಷ್ಮಮ್ಮ. ಬಂದು ನಿಂತೆ. ಸಂತೆಯಲ್ಲಿ ಎಮ್ಮೆ ಕೊಳ್ಳುವವರ ಹಾಗೆ ನನ್ನ ಸುತ್ತ ಒಂದು ಸುತ್ತು ಬಂದರು. ಹಲ್ಲು ಮಾತ್ರ ಹಿಡಿದು ನೋಡಲಿಲ್ಲ.

"ಸರಿಹೋಗುತ್ತೆ. ಕೂದಲು ಬೆಳ್ಳಗಿದೆ, ಬೆನ್ನು ಬಗ್ಗಿದೆ. ನೀನು ಆಯಾ ಥರ ಕಾಣೋದೇ ಇಲ್ಲ ಕಣೇ. ಪೇಷೆಂಟ್ ಥರಾನೇ ಇದೀಯ."

ಬೆನ್ನು ಯಾಕೆ ಬಗ್ಗಿತು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಬಸವೇಶ್ವರನಗರದ ಈ 'ಹೊಂಬಿಸಿಲು' ಹಿರಿಯರ ಮನೆಯಲ್ಲಿ ಹದಿನಾಲ್ಕು ಜನ ಇದ್ದಾರೆ. ಅವರನ್ನು ಹಾಸಿಗೆಯಿಂದ ಎತ್ತಿ ಬಚ್ಚಲಿಗೆ, ಬಚ್ಚಲಿಂದ ಎತ್ತಿ ಕುರ್ಚಿಗೆ, ಕುರ್ಚಿಯಿಂದ ಎತ್ತಿ ಮತ್ತೆ ಹಾಸಿಗೆಗೆ ಹಾಕುತ್ತಾ ಆರು ವರ್ಷ ಆಯಿತು. ಹತ್ತಿ ಮೂಟೆ ಹೊತ್ತವರಿಗೂ ನಡುವೆ ಬೀಡಿ ಸೇದುವಷ್ಟು ಪುರುಸೊತ್ತು ಸಿಗುತ್ತದೆ.

ವಿಷಯ ಏನೆಂದರೆ, ಮರುದಿನ ತಪಾಸಣೆ ಇತ್ತು. ವೃದ್ಧಾಶ್ರಮಗಳನ್ನು ನೋಡಿ, ಚೆನ್ನಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ಎಂದು ಅಳೆದು ನಕ್ಷತ್ರ ಕೊಡುವ ಒಂದು ಸಂಸ್ಥೆಯಂತೆ. ಐದು ನಕ್ಷತ್ರ ಬಂದರೆ ಗೇಟಿಗೆ ಬೋರ್ಡು ಹಾಕಿಕೊಳ್ಳಬಹುದು. ಮೇಡಂ ಆಗಲೇ ಬೋರ್ಡಿಗೆ ಮೊಳೆ ಹೊಡೆಸಿಟ್ಟಿದ್ದರು.

ಆದರೆ ನೀಲಾಂಬಿಕಮ್ಮನವರ ಬೆನ್ನ ಮೇಲೆ ಅಂಗೈಯಷ್ಟು ಅಗಲದ ಹುಣ್ಣಿತ್ತು. ಮಲಗಿದಲ್ಲೇ ಮಲಗಿ ಆದ ಹುಣ್ಣು. ರಾತ್ರಿ ಮಗ್ಗುಲು ಬದಲಿಸುವವರು ಯಾರೂ ಇರಲಿಲ್ಲ. ಅದನ್ನು ತೋರಿಸಿದರೆ ನಕ್ಷತ್ರ ಉದುರುತ್ತದೆ. ಅದಕ್ಕೇ ಅವರನ್ನು ಒಂದು ದಿನಕ್ಕೆ ಕೆಂಗೇರಿಯಲ್ಲಿರುವ ಮೇಡಂ ತಂಗಿಯ ಮನೆಗೆ ಸಾಗಿಸುವುದು, ರಿಜಿಸ್ಟರಿನ ಹದಿನಾಲ್ಕು ತಲೆ ಸರಿಹೋಗಲು ಅವರ ಜಾಗಕ್ಕೆ ನನ್ನನ್ನು ಹಾಕುವುದು ಎಂದು ಏರ್ಪಾಡಾಯಿತು.

"ಮತ್ತ ನನ್ನ ಕೆಲಸ ಯಾರು ಮಾಡ್ತಾರ್ರಿ?" ಎಂದೆ.

"ಏಜೆನ್ಸಿಯಿಂದ ಇಬ್ಬರು ಹುಡುಗೀರು ಬರ್ತಾರೆ. ಪಿಂಕ್ ಯೂನಿಫಾರ್ಮು. ನೋಡೋಕೆ ಲಕ್ಷಣವಾಗಿದಾರೆ. ನೀನು ಬಾಯಿ ಮಾತ್ರ ತೆಗೀಬೇಡ. ನಿಮ್ಮ ಕಡೆ ಮಾತು ಕೇಳಿದ್ರೆ ಸಿಕ್ಕಿಹಾಕ್ಕೊಳ್ತೀವಿ. ಸ್ಟ್ರೋಕ್ ಆಗಿ ಮಾತು ಹೋಗಿದೆ ಅಂತ ಹೇಳ್ತೀನಿ."

"ಆಗಲ್ರಿ," ಎಂದೆ. ನನ್ನ ಮಾತು ಹೋಗಿ ಆರು ವರ್ಷವಾಯಿತು ಎಂದು ಹೇಳಲು ಹೋಗಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ದಿನವೇ ಮೇಡಂ ಯಾವ ಊರು, ಯಾವ ಜನ ಎಂದು ಕೇಳಿದ್ದರು. ಯಾದಗಿರಿ ಕಡೆ ಎಂದೆ. ಊರ ಹೊರಗಿನ ಕೇರಿ ಎಂದೂ ಹೇಳಿದೆ. ಅವರು "ನಾವೆಲ್ಲ ಅದನ್ನ ನೋಡಲ್ಲಮ್ಮ" ಎಂದರು. ಆಮೇಲೆ, ನೋಡದೆಯೇ, ಒಂದು ಗೆರೆ ಹಾಕಿದರು. ಬಚ್ಚಲು, ಕಕ್ಕಸು, ಹಾಸಿಗೆ, ಒಗೆಯುವ ಕಲ್ಲು ನನ್ನದು. ಅಡುಗೆಮನೆ, ಊಟದ ಮನೆ, ನೀರಿನ ಫಿಲ್ಟರು, ತಟ್ಟೆ, ಲೋಟ ನನ್ನದಲ್ಲ. ಕೇಳಿದರೆ ಹೈಜೀನ್ ಎಂದರು. ಕುಡಿಯುವ ನೀರು ಬೇಕಾದರೆ ಅಡುಗೆಯವನು ಬಾಗಿಲಿಗೆ ಬಂದು ನನ್ನ ಬಾಟಲಿಗೆ ಮೇಲಿಂದ ಸುರಿಯುತ್ತಿದ್ದ. ನನ್ನ ಜೊತೆ ರಮ್ಯಶ್ರೀ ಎಂಬ ಇನ್ನೊಬ್ಬ ಹುಡುಗಿ ಇದ್ದಳು. ಅವಳೂ ಬಚ್ಚಲು ತೊಳೆಯುತ್ತಿದ್ದಳು. ಕೈ ತೊಳೆದು ಹೋಗಿ ಕಾಫಿ ಕೊಡುತ್ತಿದ್ದಳು, ಕೈಯಲ್ಲಾಗದವರಿಗೆ ತುತ್ತು ಮಾಡಿ ತಿನ್ನಿಸುತ್ತಿದ್ದಳು. ಒಂದೇ ಸೋಪು, ಒಂದೇ ನಲ್ಲಿ. ಅವಳ ಕೈಗೆ ಹತ್ತಿದ ಹೈಜೀನ್ ನನ್ನ ಕೈಗೆ ಮಾತ್ರ ಹತ್ತುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ರಮ್ಯಶ್ರೀ ರಾಜ್‌ಕುಮಾರ್ ರಸ್ತೆಯ ಬಟ್ಟೆ ಅಂಗಡಿಗೆ ಸೇರಿಕೊಂಡಳು. ಅವಳ ಜಾಗಕ್ಕೆ ಯಾರೂ ಬರಲಿಲ್ಲ. ಅಡುಗೆಯ ನಾಗರಾಜು ತಟ್ಟೆಗೆ ಬಡಿಸಿ ಎಲ್ಲರ ಮುಂದೆ ಇಟ್ಟು ಹೋಗುತ್ತಾನೆ. ಅರ್ಧ ಗಂಟೆ ಬಿಟ್ಟು ಬಂದು ತಟ್ಟೆ ಎತ್ತುತ್ತಾನೆ. ನಡುವೆ ತಿನ್ನಬಲ್ಲವರು ತಿನ್ನಬೇಕು. ತಿನ್ನಲಾಗದವರು ತಟ್ಟೆಯ ಮುಖ ನೋಡಬೇಕು.

ವಿಮಲಮ್ಮ ತಟ್ಟೆಯ ಮುಖ ನೋಡುವವರು. ಅವರು ರಾಜಾಜಿನಗರದ ಬಲ್ಬು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೂದಲೆಳೆಯಂಥ ತಂತಿ ಜೋಡಿಸಿದವರು. ಮದುವೆಯಾಗಲಿಲ್ಲ, ಯಾರೂ ಕರೆತಂದು ಬಿಡಲಿಲ್ಲ, ತಾವೇ ಆಟೋ ಹತ್ತಿ ಬಂದು ಸೇರಿದವರು. ಈಗ ಎರಡೂ ಕೈ ನಡುಗುತ್ತವೆ. ಚಮಚ ಎತ್ತಿದರೆ ಬಾಯಿಗೆ ಬರುವಷ್ಟರಲ್ಲಿ ಖಾಲಿ. ಸಾರು ಗೋಡೆಗೆ, ಅನ್ನ ಮಡಿಲಿಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆ ಮಾಡಿದವನು ಇವರ ಪಕ್ಕದಲ್ಲಿ ಕೂತೇ ಮಾಡಿರಬೇಕು. ಮರ್ಯಾದೆ ಹೋಗುತ್ತದೆಂದು ಚಮಚ ಎತ್ತುವುದನ್ನೇ ಬಿಟ್ಟರು. ನಾಗರಾಜು ತುಂಬಿದ ತಟ್ಟೆ ಎತ್ತಿಕೊಂಡು ಹೋಗಿ, ಪುಸ್ತಕದಲ್ಲಿ 'ಊಟ ಕೊಡಲಾಗಿದೆ' ಎಂದು ಬರೆಯುತ್ತಿದ್ದ. ಕೊಟ್ಟಿದ್ದಂತೂ ನಿಜವೇ.

ಮೈ ತೊಳೆಯುವವಳಿಗೆ ತೂಕದ ಯಂತ್ರ ಬೇಡ. ನಾನು ದಿನಾ ಅವರ ಬೆನ್ನಿಗೆ ಸೋಪು ಹಚ್ಚುತ್ತೇನೆ. ಮೊದಲ ತಿಂಗಳು ರವಿಕೆ ಸಡಿಲವಾಯಿತು. ಎರಡನೆಯ ತಿಂಗಳು ಪಕ್ಕೆಲುಬು ಕೈಗೆ ಸಿಗತೊಡಗಿತು. ಒಂದು ದಿನ ನೀರು ಹಾಕುವಾಗ ವಿಮಲಮ್ಮ ತಿರುಗಿ ನೋಡಿದರು.

"ಮುತ್ತವ್ವ, ನಿನ್ನ ಡಬ್ಬೀಲಿ ಏನಿದೆಯೇ?"

"ರೊಟ್ಟಿ, ಶೇಂಗಾ ಚಟ್ನಿ ಐತ್ರಿ."

"ತಿನ್ಸೇ."

"ನಾನಾ? ನಾ ಮುಟ್ಟಬಾರದ್ರಿ ಅಮ್ಮಾರ."

"ನನ್ನ ಕುಂಡಿ ತೊಳೀತಾ ಇದೀಯ. ಬಾಯಿ ಮುಟ್ಟಿದ್ರೆ ಏನಾಗುತ್ತೆ? ಅದೇನು ಕುಂಡಿಗಿಂತ ಕ್ಲೀನಾ?"

ನಗು ಬಂತು. ಅಳುವೂ ಬಂತು. ಈ ಮನೆಯಲ್ಲಿ ಯಾರ ಕಣ್ಣೂ ಬೀಳದೆ ನನಗೆ ಪ್ರವೇಶವಿದ್ದ ಜಾಗ ಬಚ್ಚಲು ಒಂದೇ. ಹಾಗಾಗಿ ಬಚ್ಚಲಲ್ಲೇ ಊಟ. ಅವರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ನಾನು ನೆಲದ ಮೇಲೆ. ಸದ್ದು ಕೇಳದಿರಲಿ ಎಂದು ನಲ್ಲಿ ಬಿಟ್ಟೆ. ರೊಟ್ಟಿಯನ್ನು ನೀರಲ್ಲಿ ನೆನೆಸಿ, ಚಟ್ನಿ ಕಲಸಿ ಬಾಯಿಗಿಟ್ಟೆ. ಎಂಟು ದಿನ ಹೀಗೆ ನಡೆಯಿತು. ಒಂಬತ್ತನೆಯ ದಿನ ನಾಗರಾಜುವಿಗೆ ಶೇಂಗಾ ವಾಸನೆ ಬಡಿಯಿತು.

ಮೇಡಂ ಕಿರುಚಲಿಲ್ಲ. ಅವರು ಕಿರುಚುವುದಿಲ್ಲ. ನನ್ನ ಡಬ್ಬಿಯನ್ನು ಗೇಟಿನ ಹೊರಗಿನ ಮೋರಿಯ ಹತ್ತಿರ ಒಯ್ಯಿಸಿ, ನನ್ನ ಕೈಯಿಂದಲೇ ಬೋರಲು ಹಾಕಿಸಿದರು. ಎರಡು ರೊಟ್ಟಿ ಮೋರಿಯಲ್ಲಿ ತೇಲಿದವು. ಇಸ್ತ್ರಿ ಗಾಡಿಯವನು ನೋಡುತ್ತಾ ನಿಂತಿದ್ದ. "ಆಂಟಿಗೆ ಇನ್ಫೆಕ್ಷನ್ ಆದ್ರೆ ಯಾರೇ ಜವಾಬ್ದಾರಿ?" ಎಂದರು. ವಿಮಲಮ್ಮ ಒಳಗಿನಿಂದ "ನಾನೇ ಕೇಳಿದ್ದು, ನಾನೇ ಕೇಳಿದ್ದು" ಎಂದು ಕೂಗುತ್ತಿದ್ದರು. "ಆಂಟಿಗೆ ಅರಳುಮರಳು," ಎಂದು ಮೇಡಂ ಬಾಗಿಲು ಮುಚ್ಚಿದರು. ಅಂದು ಸಂಜೆ ಕಾಮಾಕ್ಷಿಪಾಳ್ಯದ ನನ್ನ ಶೀಟಿನ ಮನೆಯಲ್ಲಿ ನನಗೆ ರೊಟ್ಟಿ ಬಡಿಯಲು ಕೈ ಬರಲಿಲ್ಲ. ಸಿಟ್ಟು ಬಂದರೆ ಹಿಟ್ಟು ಹದಕ್ಕೆ ಬರುವುದಿಲ್ಲ.

ತಪಾಸಣೆಯ ದಿನ ಬೆಳಿಗ್ಗೆ ಆರಕ್ಕೇ ನೀಲಾಂಬಿಕಮ್ಮನವರನ್ನು ಕಾರಿಗೆ ಇಳಿಸಿದೆ. ಮಹಡಿಯಿಂದ ನಾನೊಬ್ಬಳೇ ಹೊತ್ತು ತಂದೆ. ಮೆಟ್ಟಿಲು ಮೆಟ್ಟಿಲಿಗೂ ಅವರು ನೋವಿಗೆ ನನ್ನ ಭುಜ ಕಚ್ಚಿದರು. ಕಚ್ಚಲಿ ಎಂದು ಬಿಟ್ಟೆ. ಆಮೇಲೆ ಮಹಡಿ ಹತ್ತಿ ಅವರದೇ ಹಸಿರು ರೇಷ್ಮೆ ಸೀರೆ ಉಟ್ಟೆ. ಮೇಡಂ ನನ್ನ ಹಣೆಗೆ ವಿಭೂತಿ ಎಳೆದರು. ಪಿಂಕ್ ಹುಡುಗಿಯೊಬ್ಬಳು ಬಂದು ನನ್ನ ತಲೆ ಬಾಚಿದಳು.

"ಅಜ್ಜಿ, ನೋಯ್ತಿದೆಯಾ?" ಎಂದಳು.

ನನಗೆ ತಲೆ ಬಾಚಿದವರು ಯಾರೂ ಇಲ್ಲ, ನನ್ನವ್ವ ಸತ್ತ ಮೇಲೆ. ಆ ಹುಡುಗಿಗೆ ನಾನು ಆಯಾ ಎಂದು ಯಾರೂ ಹೇಳಿರಲಿಲ್ಲ. ಕಣ್ಣು ಮುಚ್ಚಿಕೊಂಡೆ. ಸುಖ ಅಂದರೆ ಸುಖವೇ. ಮೋಸದ್ದಾದರೂ ಬಾಚಣಿಗೆ ಬಾಚಣಿಗೆಯೇ.

ಹತ್ತೂವರೆಗೆ ತಪಾಸಣೆಯವರು ಬಂದರು. ಹೆಸರು ಭುವನೇಶ್ವರಿ. ಮೂವತ್ತರ ಆಸುಪಾಸಿನ ಹುಡುಗಿ, ಹತ್ತಿ ಸೀರೆ, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದಗಳು. ಬೆಂಗಳೂರಿನ ಮಾತು, ನಡುನಡುವೆ ಇಂಗ್ಲಿಷು. ಹಾಸಿಗೆ ಮುಟ್ಟಿ ನೋಡಿದರು, ಬಚ್ಚಲಿನ ಹಿಡಿಕೆ ಅಲ್ಲಾಡಿಸಿದರು, ಔಷಧಿ ಪೆಟ್ಟಿಗೆ ಎಣಿಸಿದರು. ಎಲ್ಲ ಕಡೆ ಟಿಕ್ ಹಾಕಿದರು. ಮೇಡಂ ಮುಖದಲ್ಲಿ ಒಂದೊಂದು ಟಿಕ್ಕಿಗೂ ಒಂದೊಂದು ದೀಪ ಹತ್ತುತ್ತಿತ್ತು.

ನನ್ನ ಹಾಸಿಗೆಗೂ ಬಂದರು.

"ಇವರು ನೀಲಾಂಬಿಕಾ ಆಂಟಿ. ಪಾಪ, ಮಾತು ಹೋಗಿದೆ," ಎಂದರು ಮೇಡಂ. ನನ್ನ ಕೆನ್ನೆ ಸವರಿದರು. ಆರು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಇವತ್ತೇ ಮೊದಲು, ಬೆಳಿಗ್ಗೆ ವಿಭೂತಿಗೆ, ಈಗ ಕೆನ್ನೆಗೆ. ಕೈ ತಣ್ಣಗಿತ್ತು.

ಭುವನೇಶ್ವರಿ ನನ್ನ ಕೈ ಹಿಡಿದು ನೋಡಿದರು. ಫಿನಾಯಿಲಿಗೆ ಒಡೆದ ಕೈ, ಸೋಪಿಗೆ ಬೆಳ್ಳಗಾದ ಉಗುರು. ರೇಷ್ಮೆ ಸೀರೆಯ ಮುದುಕಿಗೆ ಇಂಥ ಕೈ ಎಲ್ಲಿಂದ ಬಂತು ಎಂದು ಕೇಳುತ್ತಾರೆ ಅಂದುಕೊಂಡೆ. ಕೇಳಲಿಲ್ಲ. ಕೈಯನ್ನು ಮೆಲ್ಲಗೆ ಹೊದಿಕೆಯ ಮೇಲಿಟ್ಟು ಮುಂದೆ ಹೋದರು.

ಹನ್ನೆರಡೂವರೆಗೆ ಊಟ. ಎಲ್ಲರನ್ನೂ ಊಟದ ಮನೆಗೆ ಕರೆದರು. ಮೇಡಂ ಎಲ್ಲವನ್ನೂ ಯೋಚಿಸಿದ್ದರು, ಇದೊಂದನ್ನು ಯೋಚಿಸಿರಲಿಲ್ಲ. ಪೇಷೆಂಟು ಆದಮೇಲೆ ಊಟಕ್ಕೆ ಕೂರಲೇಬೇಕಲ್ಲ. ಹೊಸ್ತಿಲಲ್ಲಿ ನನ್ನ ಕಾಲು ತಾನಾಗಿ ನಿಂತಿತು. ಆರು ವರ್ಷದ ಅಭ್ಯಾಸ. "ಬನ್ನಿ ಅಜ್ಜಿ," ಎಂದು ಪಿಂಕ್ ಹುಡುಗಿ ಎಳೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದಳು. ವಿಮಲಮ್ಮನ ಪಕ್ಕಕ್ಕೇ.

ವಿಮಲಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸೀರೆ ನೋಡಿದರು, ವಿಭೂತಿ ನೋಡಿದರು. ಈ ಬಾಯಿ ಈಗ ಸುಮ್ಮನಿರುವ ಬಾಯಿಯಲ್ಲ.

ಆ ದಿನ ವಿಮಲಮ್ಮನಿಗೆ ತಿನ್ನಿಸುವ ಕೆಲಸ ಪಿಂಕ್ ಹುಡುಗಿಯದು. ಅವಳು ಅನ್ನ ಕಲಸಿ ಚಮಚ ಹತ್ತಿರ ತಂದಳು. ವಿಮಲಮ್ಮ ಬಾಯಿ ಮುಚ್ಚಿದರು. ಇನ್ನೊಂದು ಸಲ ತಂದಳು. ತುಟಿ ಇನ್ನೂ ಬಿಗಿಯಾಯಿತು.

"ಯಾಕೆ ಅಮ್ಮಾ, ಹಸಿವಿಲ್ವಾ?" ಎಂದರು ಭುವನೇಶ್ವರಿ.

"ಹಸಿವಿದೆ. ಎರಡು ತಿಂಗಳದ್ದು ಇದೆ. ಆದ್ರೆ ಈ ಮಗು ನಾಳೆ ಇರಲ್ಲ. ಇವತ್ತು ರುಚಿ ಹತ್ತಿಸಿಕೊಂಡು ನಾಳೆ ಏನು ಮಾಡಲಿ?" ವಿಮಲಮ್ಮ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ತುಂಟತನ ಕುಣಿಯುತ್ತಿತ್ತು. "ನೀಲಾಂಬಿಕಮ್ಮೋರೇ, ನೀವೇ ತಿನ್ನಿಸಿ. ನಾವಿಬ್ರೂ ಒಂದೇ ರೂಮಿನವರಲ್ವಾ?"

ಮೇಡಂ ಮುಖ ನೋಡಬೇಕಿತ್ತು. ಬೇಡ ಎನ್ನುವುದು ಹೇಗೆ? ಮುತ್ತವ್ವ ಮುಟ್ಟಬಾರದು, ಸರಿ. ನೀಲಾಂಬಿಕಮ್ಮನವರು ಯಾಕೆ ಮುಟ್ಟಬಾರದು? ನನಗೆ ವಿಭೂತಿ ಎಳೆದದ್ದು ಅವರದೇ ಬೆರಳು. ಮಾಡಿದ್ದುಣ್ಣೋ ಮಹರಾಯ ಎಂದು ಸುಮ್ಮನೆ ಹೇಳಿಲ್ಲ.

ನಾನು ಕೈ ತೊಳೆದೆ. ಎಲ್ಲರ ಎದುರಿಗೆ, ಅವರದೇ ನಲ್ಲಿಯಲ್ಲಿ. ಅನ್ನವನ್ನು ಹಿಸುಕಿ, ಸಾರಲ್ಲಿ ಮೆತ್ತಗೆ ಕಲಸಿ, ತುತ್ತು ಮಾಡಿ ವಿಮಲಮ್ಮನ ಬಾಯಿಗಿಟ್ಟೆ. ಬಾಯಿ ತೆರೆಯಿತು. ಗಂಟಲು ಏರಿ ಇಳಿಯಿತು. ಇನ್ನೊಂದು. ಮತ್ತೊಂದು. ಬಚ್ಚಲಲ್ಲಲ್ಲ, ನಲ್ಲಿ ಬಿಟ್ಟುಕೊಂಡಲ್ಲ, ಹಗಲು ಹೊತ್ತಲ್ಲಿ ಊಟದ ಮನೆಯಲ್ಲಿ. ನನಗೆ ಆದ ಖುಷಿ ಹೇಳತೀರದು. ಎದುರಿಗೆ ಕೂತಿದ್ದ, ಬಲಗೈ ಬಿದ್ದುಹೋದ ಶ್ರೀಶೈಲಪ್ಪನವರೂ ಕತ್ತು ಮುಂದೆ ಚಾಚಿ ಬಾಯಿ ತೆರೆದರು. ಎದ್ದು ಹೋಗಿ ಅವರಿಗೂ ಒಂದು ತುತ್ತು ಇಟ್ಟು ಬಂದೆ.

"ಎಷ್ಟು ಚೆಂದ. ಒಬ್ಬರಿಗೊಬ್ಬರು ಆಗ್ತಾರೆ," ಎಂದು ಭುವನೇಶ್ವರಿ ಬರೆದುಕೊಂಡರು. ಮೇಡಂಗೆ ಹೋದ ಉಸಿರು ಬಂತು. "ನಮ್ಮದು ಫ್ಯಾಮಿಲಿ ಥರ ಮೇಡಂ," ಎಂದರು. ನನ್ನ ತುತ್ತಿಗೆ ಅವರಿಗೆ ನಕ್ಷತ್ರ ಬರುವುದರಲ್ಲಿತ್ತು.

ಅಷ್ಟರಲ್ಲಿ ನಾಗರಾಜು ಸಾರಿನ ಪಾತ್ರೆ ಹಿಡಿದು ಎರಡನೆಯ ಸಲ ಬಂದ. ಒಬ್ಬೊಬ್ಬರ ತಟ್ಟೆಗೂ ಬಗ್ಗಿ ಬಗ್ಗಿ ಬಡಿಸಿದ. ನನ್ನ ಹತ್ತಿರ ಬಂದವನು ಬಗ್ಗಲಿಲ್ಲ. ನೆಟ್ಟಗೆ ನಿಂತು, ಸೌಟನ್ನು ಮೊಳ ಎತ್ತರ ಹಿಡಿದು, ಮೇಲಿಂದ ಸುರಿದ. ಸಾರು ದಾರದ ಹಾಗೆ ಇಳಿದು ತಟ್ಟೆಗೆ ಬಿದ್ದು ಹಸಿರು ರೇಷ್ಮೆಗೆ ಸಿಡಿಯಿತು. ಬೇಕೆಂದು ಮಾಡಿದ್ದಲ್ಲ. ನಾಟಕ ಅವನಿಗೂ ಹೇಳಿಕೊಟ್ಟಿದ್ದರು. ಆದರೆ ಅವನ ಕೈಗೆ ಹೇಳಿಕೊಟ್ಟಿರಲಿಲ್ಲ. ನನ್ನದೂ ಅದೇ ಕತೆ. ಅವನು ಬಂದದ್ದು ಕಂಡು ನಾನೂ ಮೈ ಮುದುಡಿ, ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಿದ್ದೆ.

ಭುವನೇಶ್ವರಿಯ ಪೆನ್ನು ನಿಂತಿತು.

"ಅಣ್ಣ, ಇವರಿಗೊಬ್ಬರಿಗೇ ಯಾಕೆ ಅಷ್ಟು ಎತ್ತರದಿಂದ ಹಾಕಿದ್ರಿ?"

"ಏನಿಲ್ಲ ಮೇಡಂ, ಅಭ್ಯಾಸ," ಎಂದ ನಾಗರಾಜು.

"ಉಳಿದ ಹದಿಮೂರು ಜನಕ್ಕೆ ಆ ಅಭ್ಯಾಸ ಕಾಣಲಿಲ್ಲ."

"ರೇಷ್ಮೆ ಸೀರೆ ನೋಡಿ, ಚೆಲ್ಲಬಾರದು ಅಂತ..." ಎಂದು ಮೇಡಂ ನಡುವೆ ಬಂದರು.

"ಎತ್ತರದಿಂದ ಹಾಕಿದ್ರೇ ಚೆಲ್ಲೋದು," ಎಂದರು ಭುವನೇಶ್ವರಿ. ಹಲಗೆಯನ್ನು ಮೇಜಿನ ಮೇಲೆ ಮಗುಚಿಟ್ಟು, ನನ್ನ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಬೆಳಗಿನಿಂದ ಆಡಿದ ಬೆಂಗಳೂರು ಮಾತು ಎಲ್ಲಿ ಹೋಯಿತೋ.

"ಯವ್ವಾ, ಆ ಎತ್ತರ ನನಗ ಗೊತ್ತೈತಿ. ನಮ್ಮೂರ ಹೋಟೆಲ್‌ನ್ಯಾಗ ನಮ್ಮಪ್ಪಗ ನೀರು ಹಂಗ ಹಾಕ್ತಿದ್ರು. ನೀ ಯಾರಬೇ?"

"ಅವರಿಗೆ ಮಾತು ಬರಲ್ಲ ಮೇಡಂ, ಸ್ಟ್ರೋಕ್..." ಎಂದರು ನಮ್ಮ ಮೇಡಂ. ಹಿಂದಿನಿಂದ ನನ್ನ ಭುಜ ಹಿಡಿದು ಅದುಮಿದರು. ಬೆಳಿಗ್ಗೆ ನೀಲಾಂಬಿಕಮ್ಮ ಕಚ್ಚಿದ ಜಾಗಕ್ಕೇ ಅದುಮಿದರು.

ನಾನು ಲೆಕ್ಕ ಹಾಕಿದೆ. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ, ಬೋರ್ಡು ಬರುತ್ತದೆ. ನಾಳೆ ನಾನು ಮತ್ತೆ ಬಚ್ಚಲಿಗೆ, ವಿಮಲಮ್ಮ ಮತ್ತೆ ತುಂಬಿದ ತಟ್ಟೆಯ ಮುಂದೆ. ಇನ್ನೊಂದು ತಿಂಗಳಿಗೆ ನಾನು ಸೋಪು ಹಚ್ಚಲು ಬೆನ್ನೇ ಇರುವುದಿಲ್ಲ. ನೀಲಾಂಬಿಕಮ್ಮನವರ ಕೈ ಇವರ ಬಾಯಿ ಮುಟ್ಟಬಹುದಂತೆ, ಮುತ್ತವ್ವನ ಕೈ ಮುಟ್ಟಬಾರದಂತೆ. ಅದೇ ಕೈ! ನನಗೆ ಉರಿದುಹೋಯಿತು.

"ಬರ್ತೈತ್ರಿ," ಎಂದೆ. "ಮಾತು ಚೊಲೋನ ಬರ್ತೈತಿ. ನಾ ನೀಲಾಂಬಿಕಮ್ಮ ಅಲ್ರಿ. ನಾ ಮುತ್ತವ್ವ. ಇಲ್ಲಿ ಎಲ್ಲಾರ ಹೇಲು ಬಳ್ಯಾಕಿ. ನೀಲಾಂಬಿಕಮ್ಮಾರು ಕೆಂಗೇರ್ಯಾಗ ಅದಾರ, ಇವರ ತಂಗಿ ಮನ್ಯಾಗ. ಅವರ ಬೆನ್ನು ಹುಣ್ಣಾಗಿ ಕೊಳಿಲಾಕತ್ತೈತಿ, ಇವತ್ತ ಹೋಗಿ ನೋಡ್ರಿ. ಈ ಪಿಂಕ್ ಹುಡುಗ್ಯಾರು ಸಂಜಿಗೆ ಹೊಕ್ಕಾರ. ವಿಮಲಮ್ಮಾರಿಗೆ ತಿನ್ನಸೂದು ಯಾರು ಅಂತ ನಿಮ್ಮ ಕಾಗದದಾಗ ಕೇಳೈತೇನು?"

"ಊಟ ಕೊಡ್ತಾರಾ ಅಂತ ಕೇಳೈತಿ. ತಿನ್ನಸವರು ಯಾರು ಅಂತ ಕೇಳಿಲ್ಲ."

"ಹಂಗಾರ ನಿಮ್ಮ ಕಾಗದಾನೂ ಸುಳ್ಳು ಐತಿ ಬಿಡ್ರಿ."

ಭುವನೇಶ್ವರಿ ಮುಖ ಕೆಂಪಾಯಿತು. ಹೌದು ಎಂದು ತಲೆಯಾಡಿಸಿದರು. ಮೇಡಂ ಕಡೆ ತಿರುಗಿ, ಕೆಂಗೇರಿ ಮನೆಯ ವಿಳಾಸ ಬರೆದುಕೊಡಿ ಎಂದರು. ಮೇಡಂ ಈಗ ಮೊದಲ ಸಲ ಕಿರುಚಿದರು. "ನಾಳೆಯಿಂದ ನೀನು ಈ ಗೇಟು ದಾಟಬೇಡ! ಉಂಡ ಮನೆಗೆ ಎರಡು ಬಗೀತೀಯಾ?"

"ಉಂಡೇ ಇಲ್ರಿ ಮೇಡಂ. ಆರು ವರ್ಷ ಆತು. ನಿಮ್ಮ ಮನ್ಯಾಗ ಒಂದು ಅಗಳು ಉಂಡಿಲ್ಲ. ಎಲ್ಲಿದು ಎರಡು ಬಗಿಯೂದು?"

ವಿಮಲಮ್ಮ ಗಹಗಹಿಸಿ ನಕ್ಕರು. ನಗುವಿಗೆ ಅವರ ಎರಡೂ ಕೈ ಮೇಜಿನ ಮೇಲೆ ತಾಳ ಹಾಕಿದವು.

"ವೆಂಕಟಲಕ್ಷ್ಮಿ, ಕೇಳಿಸ್ಕೊ. ಇವಳು ಬರದಿದ್ರೆ ನಾನು ಬಾಯಿ ಬಿಡಲ್ಲ. ಸತ್ರೆ ಸಾಯ್ತೀನಿ. ಬರ್ಕೊಳ್ಳಮ್ಮ ಭುವನೇಶ್ವರಿ, ನನ್ನ ಹೆಸರು ಹಾಕಿ ಬರ್ಕೊ. ನನಗೆ ಅರಳುಮರಳಿಲ್ಲ ಅಂತಾನೂ ಬರಿ."

"ನನ್ನ ಹೆಸರೂ," ಎಂದರು ಶ್ರೀಶೈಲಪ್ಪ. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ನಾಳೆಯ ಮಾತು ನಾಳೆಗೆ. ವಿಮಲಮ್ಮನ ತಟ್ಟೆ ಖಾಲಿಯಾಗಿತ್ತು, ಹೊಟ್ಟೆ ಖಾಲಿಯೇ ಇತ್ತು. ಅವರು ಬಾಯಿ ತೆರೆದುಕೊಂಡು ಕಾಯುತ್ತಿದ್ದರು. ನಾನು ಅವರ ತಟ್ಟೆಯ ಅಂಚನ್ನು ನನ್ನ ಎಡಗೈಯಲ್ಲಿ ಹಿಡಿದೆ.

"ನಾಗರಾಜಣ್ಣ, ಅನ್ನ ಹಾಕ್ರಿ."

ಅವನು ಅನ್ನದ ಪಾತ್ರೆ ತಂದ. ಕೈ ಮತ್ತೆ ಮೊಳ ಎತ್ತರಕ್ಕೇ ಹೋಗಿ ನಿಂತಿತು. ನಾನು ತಟ್ಟೆಯನ್ನು ಮೇಜಿನ ಮೇಲಿಂದ ಎತ್ತಲಿಲ್ಲ.

"ಇಳಸ್ರಿ," ಎಂದೆ.

ಅವನು ಮೇಡಂ ಮುಖ ನೋಡಿದ. ಮೇಡಂ ಗೋಡೆ ನೋಡಿದರು. ಸೌಟು ಒಂದು ಗೇಣು ಇಳಿಯಿತು.

"ಇನ್ನೂ ಇಳಸ್ರಿ."

ಸೌಟಿನ ತುದಿಯಲ್ಲಿ ಅನ್ನದಿಂದ ಹಬೆ ಏಳುತ್ತಿತ್ತು. ಅವನ ಹಣೆಯಲ್ಲಿ ಬೆವರಿತ್ತು. ನನ್ನ ಬೆರಳುಗಳು ತಟ್ಟೆಯ ಅಂಚಿನಲ್ಲಿದ್ದವು. ಹಿಂದಕ್ಕೆ ತೆಗೆಯುತ್ತೇನೆ ಎಂದು ಕಾದ. ತೆಗೆಯಲಿಲ್ಲ. ಹದಿಮೂರು ಜನ ಉಣ್ಣುವುದನ್ನು ಬಿಟ್ಟು ನೋಡುತ್ತಿದ್ದರು. ಕೊನೆಗೆ ಅವನು ಬಗ್ಗಿದ. ಸೌಟು ನನ್ನ ಬೆರಳಿಗೆ ತಾಗಿತು. ಬಿಸಿಯಾಗಿತ್ತು.

ವಿಮಲಮ್ಮನಿಗೆ ಒಂದು ತುತ್ತು ಇಟ್ಟೆ. ಆಮೇಲೆ ನನ್ನ ತಟ್ಟೆಯಲ್ಲಿ ಒಂದು ತುತ್ತು ಕಲಸಿ ನಾನು ಬಾಯಿಗೆ ಹಾಕಿಕೊಂಡೆ. ಆರು ವರ್ಷ ಬಾಗಿಲಾಚೆಯಿಂದ ವಾಸನೆ ಮಾತ್ರ ಕುಡಿದ ಸಾರು ಅದು.

"ಉಪ್ಪು ಕಮ್ಮಿ ಐತ್ರಿ ನಾಗರಾಜಣ್ಣ," ಎಂದೆ.

ಅವನು ಉಪ್ಪು ತರಲು ಒಳಗೆ ಹೋದ. ನಾನು ಕುರ್ಚಿಯಲ್ಲಿ ಕೂತೇ ಇದ್ದೆ.